ಮಜ್ಜೆಯೊಳಗಿನ ಆಕರಕೋಶಕ್ಕೆ ಒಂದು ಬಹಿರಂಗ ಪತ್ರ

ಸೊಂಟದ ಮೂಳೆಯ ಕತ್ತಲಲ್ಲಿ ಕೂತಿರುವ ರಕ್ತದ ಆಕರಕೋಶಕ್ಕೆ,

ಉಭಯ ಕುಶಲೋಪರಿ ಸಾಂಪ್ರತ.

ನಮ್ಮ ಕಾಲದ ಪತ್ರಗಳೆಲ್ಲ ಹೀಗೆ ಶುರುವಾಗುತ್ತಿದ್ದವು. ನಾವಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮವೆಂದು ನಂಬಿದ್ದೇವೆ ಎಂಬ ಸಾಲು ಬರೆದ ಮೇಲೆಯೇ ಮುಂದಿನ ವಿಷಯ. ನಿನಗೆ ಬರೆಯುವಾಗ ಆ ಸಾಲನ್ನು ತಿರುಗಿಸಿ ಬರೆಯಬೇಕು. ನೀನಲ್ಲಿ ಕ್ಷೇಮ, ಅದರಿಂದ ನಾನಿಲ್ಲಿ ಕ್ಷೇಮ. ಪೆನ್ನು ಹಿಡಿದ ಈ ಬೆರಳಿನಲ್ಲಿ ಹರಿಯುತ್ತಿರುವ ಕೆಂಪು ರಕ್ತಕಣ ಪ್ರತಿಯೊಂದೂ ನಿನ್ನ ಸಂತಾನ. ಬೆಳಿಗ್ಗೆ ಹೀರೇಕಾಯಿ ಹೆಚ್ಚುವಾಗ ಈಳಿಗೆ ತಾಗಿದ ಜಾಗಕ್ಕೆ ಓಡಿಬಂದು ರಕ್ತ ನಿಲ್ಲಿಸಿದ ಪ್ಲೇಟ್‌ಲೆಟ್‌ಗಳೂ ನಿನ್ನವೇ.

31 ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಪ್ರತಿ ವರ್ಷ ಒಂದು ತರಗತಿಯಷ್ಟು ಹೊತ್ತು ನಿನ್ನ ಪಾಠ ಮಾಡಿದ್ದೇನೆ. ಆ ಪಾಠದಲ್ಲಿ ನಿನಗೆ ನ್ಯಾಯ ಸಲ್ಲಲಿಲ್ಲ ಎಂದು ಈಗ ಗೊತ್ತಾಗಿದೆ. ಕಲಿಸಿದ್ದು ನೂರಾರು ಮಕ್ಕಳ ಎದುರು, ತಿದ್ದುವುದೂ ನಾಲ್ಕು ಜನರ ಎದುರೇ ಆಗಬೇಕು. ಅದಕ್ಕೇ ಬಹಿರಂಗ ಪತ್ರ. ಇದನ್ನು ಬರೆಯುವ ಹಾಗೆ ಮಾಡಿದವಳು ನನ್ನ ತಮ್ಮನ ಮಗಳು. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹಲಗೆಯ ಮೇಲೆ ಬರೆಯುತ್ತಿದ್ದದ್ದು ತಲೆಕೆಳಗಾದ ಒಂದು ಮರ. ಮೇಲ್ತುದಿಯಲ್ಲಿ ಬಿಳಿ ಸೀಮೆಸುಣ್ಣದ ಒಂದು ವೃತ್ತ, ಅದು ನೀನು. ಅಲ್ಲಿಂದ ಕೆಳಕ್ಕೆ ಎರಡು ಕವಲು. ಎಡದ ಕವಲಿನಲ್ಲಿ ಕೆಂಪುಕಣ, ಪ್ಲೇಟ್‌ಲೆಟ್, ನ್ಯೂಟ್ರೋಫಿಲ್, ಕಸ ಕೊಳೆಯನ್ನೆಲ್ಲ ನುಂಗುವ ಮಹಾಭಕ್ಷಕ ಕೋಶ. ಬಲದ ಕವಲಿನಲ್ಲಿ ಬಿ ಕೋಶ, ಟಿ ಕೋಶ. ಪ್ರತಿ ಕವಲಿನಲ್ಲೂ ಕೋಶವೊಂದು ನಿಂತು, ಈ ಕಡೆಯೋ ಆ ಕಡೆಯೋ ಎಂದು ಒಮ್ಮೆ ತೀರ್ಮಾನ ಮಾಡಿ, ಮತ್ತೆ ಹಿಂದಿರುಗಿ ನೋಡದೆ ಇಳಿದುಹೋಗುತ್ತದೆ ಎಂದು ಹೇಳುತ್ತಿದ್ದೆ. ಮಕ್ಕಳು ಅದನ್ನು ಅಂದವಾಗಿ ನಕಲು ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಚಿತ್ರಕ್ಕೆ ಅಂಕ ಸಿಗುತ್ತಿತ್ತು.

ಆ ಮರವನ್ನು ಯಾರೋ ಊಹಿಸಿ ಬರೆದದ್ದಲ್ಲ. ಅದರ ಬೇರು ಇರುವುದು ಒಂದು ದೊಡ್ಡ ದುಃಖದಲ್ಲಿ. 1945ರಲ್ಲಿ ಹಿರೋಶಿಮಾ, ನಾಗಸಾಕಿಗಳಲ್ಲಿ ಬಾಂಬಿನ ಬೆಂಕಿಯಿಂದ ಪಾರಾದ ಎಷ್ಟೋ ಜನ ವಾರಗಳ ನಂತರ ವಸಡಿನಿಂದ, ಚರ್ಮದಡಿಯಿಂದ ರಕ್ತ ಸೋರಿ, ಸೋಂಕು ತಗುಲಿ ತೀರಿಕೊಂಡರು. ವಿಕಿರಣ ಅವರ ಮಜ್ಜೆಯನ್ನು ಬರಿದು ಮಾಡಿತ್ತು. ಬರಿದಾದ ಮಜ್ಜೆಯನ್ನು ಮತ್ತೆ ತುಂಬಲು ಬರುತ್ತದೆಯೇ ಎಂಬ ಪ್ರಶ್ನೆ ಆಮೇಲಿನ ಹದಿನೈದು ವರ್ಷ ಅನೇಕ ಪ್ರಯೋಗಶಾಲೆಗಳನ್ನು ಕಾಡಿತು. ಕೆನಡಾದ ಟೊರಾಂಟೊದಲ್ಲಿ ಭೌತವಿಜ್ಞಾನ ಓದಿದ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕಲಕ್ ಇಲಿಗಳ ಮಜ್ಜೆ ಸಾಯುವಷ್ಟು ವಿಕಿರಣ ಕೊಟ್ಟು, ಬೇರೆ ಇಲಿಯ ಮಜ್ಜೆಯ ಕೋಶಗಳನ್ನು ಅವುಗಳ ರಕ್ತನಾಳಕ್ಕೆ ಸೇರಿಸಿದರು. ಸುಮಾರು 10 ದಿನ ಬಿಟ್ಟು ನೋಡಿದರೆ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು. ಕೊಟ್ಟ ಕೋಶ ಹೆಚ್ಚಿದಷ್ಟೂ ಗಂಟು ಹೆಚ್ಚು, ಸರಿಸುಮಾರು 10,000 ಕೋಶಕ್ಕೆ ಒಂದರಂತೆ. 1961ರಲ್ಲಿ ಇದನ್ನು ಪ್ರಕಟಿಸಿದರು. 1963ರಲ್ಲಿ ಆಂಡ್ರೂ ಬೆಕರ್ ಜೊತೆ ಸೇರಿ, ಒಂದೊಂದು ಗಂಟೂ ಒಂದೇ ಒಂದು ಕೋಶದಿಂದ ಎದ್ದದ್ದು ಎಂದು ತೋರಿಸಿದರು. ಅದೇ ಗಂಟಿನೊಳಗೆ ಕೆಂಪುಕಣವಾಗುವ ಕೋಶಗಳಿದ್ದವು, ಬಿಳಿಕಣವಾಗುವ ಕೋಶಗಳಿದ್ದವು, ಪ್ಲೇಟ್‌ಲೆಟ್ ಉದುರಿಸುವ ದೈತ್ಯಕೋಶಗಳೂ ಇದ್ದವು. ಒಬ್ಬ ತಾಯಿ, ಹಲವು ಕಸುಬಿನ ಮಕ್ಕಳು. ಲೋಕಕ್ಕೆ ನೀನು ಸಾಕ್ಷಿಸಮೇತ ಸಿಕ್ಕಿದ್ದು ಹಾಗೆ.

ಅವರೇ 1964ರಲ್ಲಿ ಲೂ ಸಿಮಿನೋವಿಚ್ ಜೊತೆ ಬರೆದ ಇನ್ನೊಂದು ಲೇಖನವಿದೆ. ಅದರ ಮಾತನ್ನು ನಾನು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ. ಪ್ರತಿ ಗಂಟಿನೊಳಗೆ ನಿನ್ನಂಥವರು ಎಷ್ಟು ಉಳಿದಿದ್ದಾರೆ ಎಂದು ಎಣಿಸಿದರೆ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಂದರಲ್ಲಿ ಬೆರಳೆಣಿಕೆ, ಇನ್ನೊಂದರಲ್ಲಿ ಹತ್ತಾರು. ಪಗಡೆಯ ದಾಳ ಉರುಳಿಸಿದರೆ ಬೀಳುವ ಲೆಕ್ಕದ ಹಾಗಿತ್ತು ಅದು. ನಿನ್ನ ಮಗಳು ನಿನ್ನಂತೆಯೇ ಉಳಿಯಬೇಕೋ, ಒಂದು ಕಸುಬಿಗೆ ಇಳಿಯಬೇಕೋ ಎಂಬುದರಲ್ಲಿ ಆಕಸ್ಮಿಕಕ್ಕೂ ಪಾಲಿದೆ ಎಂದು ಅವರು ಆಗಲೇ ಬರೆದಿಟ್ಟರು. ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಅರ್ವಿಂಗ್ ವೈಸ್‌ಮನ್ ಅವರ ಪ್ರಯೋಗಶಾಲೆಯಿಂದ 1997ರಲ್ಲಿ ಬಲಗವಲಿನ ಮೂಲಕೋಶ, 2000ದಲ್ಲಿ ಎಡಗವಲಿನ ಮೂಲಕೋಶ ಹೊರಬಂದವು. ನನ್ನ ಹಲಗೆಯ ಮರ ಪೂರ್ತಿಯಾದದ್ದು ಆಗ. ಆಕಸ್ಮಿಕದ ಮಾತು ಅಡಿಟಿಪ್ಪಣಿಗೆ ಸರಿಯಿತು.

ಮರದ ಚಿತ್ರದಲ್ಲಿ ನನಗೆ ಈಗ ಕಾಣುವ ತೊಂದರೆ ಕವಲಿನದು. ಕವಲು ಎಂದರೆ ನಿಂತು ಆರಿಸಿಕೊಳ್ಳುವ ಜಾಗ. ನೀನು ಹಾಗೆ ನಿಲ್ಲುವುದಿಲ್ಲ.

ಸಕಲೇಶಪುರ ತಾಲ್ಲೂಕಿನಲ್ಲಿ ಬಿಸ್ಲೆ ಘಾಟಿಯ ಕಡೆಗೆ ಹೋಗುವಾಗ ಮಂಕನಹಳ್ಳಿಯ ಹತ್ತಿರ ಒಂದು ದಿಣ್ಣೆ ಇದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆ ದಿಣ್ಣೆಯ ಒಂದು ಪಕ್ಕಕ್ಕೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದು ಪಕ್ಕಕ್ಕೆ ಬಿದ್ದದ್ದು ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ದಿಣ್ಣೆಯ ಮೇಲೆ ನಿಂತರೆ ಎಲ್ಲಿ ಈ ಪಕ್ಕ ಮುಗಿದು ಆ ಪಕ್ಕ ಶುರುವಾಯಿತು ಎಂದು ಕಾಲಿಗೆ ಗೊತ್ತಾಗುವುದಿಲ್ಲ. ನೆಲ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇದೆ. ಹನಿ ಬಿದ್ದ ಕ್ಷಣದಲ್ಲಿ ಒಂದು ಹುಲ್ಲುಕಡ್ಡಿ, ಒಂದು ಗಾಳಿ ಅದನ್ನು ಅತ್ತಿತ್ತ ಸರಿಸಬಹುದು. ನೂರು ಮಾರು ಇಳಿದ ಮೇಲೆ ಮಾತ್ರ ಅದನ್ನು ಹಿಂದಕ್ಕೆ ತರುವುದು ಯಾರ ಕೈಯಲ್ಲೂ ಆಗುವುದಿಲ್ಲ. ಕಟ್ಟುಬೀಳುವುದು ಎಂದರೆ ಇದು. ಅದಕ್ಕೊಂದು ಗಳಿಗೆ, ಮುಹೂರ್ತ ಹುಡುಕಲು ಹೋದರೆ ಸಿಗುವುದಿಲ್ಲ. ಇಳಿಜಾರು ನಿಧಾನವಾಗಿ ಕಡಿದಾಗುತ್ತ ಹೋಗುತ್ತದೆ, ಅಷ್ಟೆ. ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1957ರ ತನ್ನ ಪುಸ್ತಕದಲ್ಲಿ ಕೋಶದ ಭವಿಷ್ಯವನ್ನು ಬೆಟ್ಟದ ಮೇಲಿಂದ ಕಣಿವೆಗಳಿಗೆ ಉರುಳುವ ಗೋಲಿಯ ಹಾಗೆ ಬರೆದು ತೋರಿಸಿದ. ಅವನು ಬದುಕಿನ ಮೊದಲ ಕೆಲವು ವರ್ಷ ಕಳೆದದ್ದು ನಮ್ಮ ದಕ್ಷಿಣ ಭಾರತದ ಬೆಟ್ಟಸೀಮೆಯ ಚಹಾ ತೋಟದಲ್ಲಿ, ಅವನ ತಂದೆ ಅಲ್ಲಿ ಕೆಲಸಕ್ಕಿದ್ದರು. ಆ ಚಿತ್ರಕ್ಕೂ ಆ ಬಾಲ್ಯಕ್ಕೂ ನಂಟಿತ್ತು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೂ ಘಟ್ಟದ ಮಳೆ ಕಂಡವರಿಗೆ ಆ ಚಿತ್ರ ಹೊಸದೆನಿಸುವುದಿಲ್ಲ.

2017ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನ ಸಂಶೋಧಕರು ಮನುಷ್ಯರ ಮಜ್ಜೆಯ ಕೋಶಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದರೊಳಗೂ ಯಾವ ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂದು ಓದಿದರು. ಮೇಲ್ಭಾಗದಲ್ಲಿ ಕವಲುಗಳೇ ಕಾಣಲಿಲ್ಲ. ಸ್ವಲ್ಪ ಈ ಕಡೆ ವಾಲಿದವು, ಸ್ವಲ್ಪ ಆ ಕಡೆ ವಾಲಿದವು, ಎಲ್ಲವೂ ಒಂದರೊಳಗೊಂದು ಕಲೆತ ಒಂದು ಹರವು. ಅದಕ್ಕೆ ಅವರು ಮೋಡ ಎಂಬ ಅರ್ಥ ಬರುವ ಹೆಸರಿಟ್ಟರು. ಹೊಳೆ, ಹಳ್ಳಗಳೆಲ್ಲ ಎಷ್ಟೋ ಕೆಳಗೆ ಶುರು.

ಇನ್ನು ನಿನ್ನ ಒಳಗಿನ ಮಾತು. ಗಾಟಾ-1 ಎಂಬ ಪ್ರೋಟೀನ್ ಕೆಂಪುಕಣ, ಪ್ಲೇಟ್‌ಲೆಟ್‌ಗಳ ಕಡೆಗೆ ಎಳೆಯುತ್ತದೆ, ಪಿಯು-1 ಎಂಬುದು ಬಿಳಿಕಣಗಳ ಕಡೆಗೆ. ಎರಡೂ ಒಂದನ್ನೊಂದು ಹತ್ತಿಕ್ಕುತ್ತವೆ. ನಿನ್ನೊಳಗೆ ಎರಡೂ ಸ್ವಲ್ಪ ಸ್ವಲ್ಪ ಇದ್ದು, ಹಗ್ಗಜಗ್ಗಾಟ ನಡೆದು, ಯಾವುದು ಆಕಸ್ಮಿಕವಾಗಿ ಮೇಲಾಯಿತೋ ಅದು ನಿನ್ನ ದಾರಿಯನ್ನು ಗೊತ್ತುಮಾಡುತ್ತದೆ ಎಂಬುದು ಬಹುಕಾಲ ಎಲ್ಲರೂ ಒಪ್ಪಿದ್ದ ವಿವರಣೆ. ನನಗೂ ಅದು ಬಹಳ ಹಿಡಿಸಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಟಿಮ್ ಶ್ರೋಡರ್ ತಂಡ ಈ ಎರಡು ಪ್ರೋಟೀನುಗಳಿಗೂ ಹೊಳೆಯುವ ಗುರುತು ಅಂಟಿಸಿ, ಜೀವಂತ ಕೋಶಗಳನ್ನು ದಿನಗಟ್ಟಲೆ ಕಣ್ಣು ಕೀಳದೆ ನೋಡಿತು. 2016ರಲ್ಲಿ ಅವರು ಕೊಟ್ಟ ಉತ್ತರ ಎಲ್ಲರನ್ನೂ ಸುಮ್ಮನಾಗಿಸಿತು. ಜಗ್ಗಾಟ ಕಾಣುವ ಹೊತ್ತಿಗೆ ತೀರ್ಮಾನ ಆಗಿ ಹೋಗಿರುತ್ತದೆ. ಗಾಟಾ-1 ಮತ್ತು ಪಿಯು-1 ಆ ತೀರ್ಮಾನವನ್ನು ಗಟ್ಟಿಮಾಡುತ್ತವೆ, ಶುರುಮಾಡುವುದು ಅವಲ್ಲ. ಹಾಗಾದರೆ ಮೊದಲ ವಾಲು ಎಲ್ಲಿಂದ ಬಂತು?

ಅಕ್ಕತಂಗಿಯರ ಪ್ರಯೋಗಗಳನ್ನು ಓದಿದಾಗಲೆಲ್ಲ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. 1984ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ಮಕಿಯೊ ಒಗಾವಾ ಅವರ ಪ್ರಯೋಗಶಾಲೆಯಲ್ಲಿ ಇಲಿಯ ಒಂದು ಮೂಲಕೋಶ ಒಡೆದು ಎರಡಾದ ಕೂಡಲೇ ಆ ಎರಡನ್ನು ಅತಿಸೂಕ್ಷ್ಮ ಕೊಳವೆಯಿಂದ ಬೇರೆಮಾಡಿ, ಬೇರೆ ಬೇರೆ ತಟ್ಟೆಯಲ್ಲಿ ಒಂದೇ ಆಹಾರ ಕೊಟ್ಟು ಬೆಳೆಸಿದರು. ಒಂದೇ ಗಳಿಗೆಯಲ್ಲಿ ಹುಟ್ಟಿದವರು, ಒಂದೇ ಜೀನುಗಳು, ಒಂದೇ ಉಪಚಾರ. ಆದರೂ ಎಷ್ಟೋ ಜೋಡಿಗಳಲ್ಲಿ ಒಬ್ಬಳ ಸಂತಾನ ಒಂದು ಬಗೆ, ಇನ್ನೊಬ್ಬಳದು ಇನ್ನೊಂದು. 2020ರಲ್ಲಿ ಬೋಸ್ಟನ್ನಿನಲ್ಲಿ ಅದರ ಎದುರುಮಗ್ಗುಲು ಕಂಡಿತು. ಮೂಲಕೋಶಗಳಿಗೆ ವಂಶದ ಗುರುತು ಹಾಕಿ, ಅವು ಒಡೆದ ಮೇಲೆ ಸಹೋದರಿಯರನ್ನು ಅಗಲಿಸಿ ಬೇರೆ ಬೇರೆ ಕಡೆ ಬಿಟ್ಟರು. ಬಹುಪಾಲು ಸಹೋದರಿಯರು ದೂರವಿದ್ದೂ ಒಂದೇ ಕಸುಬು ಹಿಡಿದರು, ಅದೂ ಜೀನುಗಳ ಚಟುವಟಿಕೆ ಓದಿದಾಗ ಅಂಥ ಒಲವಿನ ಸುಳಿವೇ ಸಾಕಷ್ಟು ಕಾಣದಿದ್ದ ಕಡೆ. ಅಂದರೆ ನಮ್ಮ ಅತ್ಯುತ್ತಮ ಓದುಗಣ್ಣಿಗೂ ಸಿಗದ ಏನನ್ನೋ ನಿನ್ನ ಮಕ್ಕಳು ತಾಯಿಮನೆಯಿಂದ ಹೊತ್ತುಕೊಂಡು ಹೋಗುತ್ತಾರೆ. ಒಂದು ಪ್ರಯೋಗ ಆಕಸ್ಮಿಕವನ್ನು ತೋರಿಸಿತು, ಇನ್ನೊಂದು ನೆನಪನ್ನು. ಎರಡೂ ನಿಜವಿರಬೇಕು. ತುತ್ತತುದಿಯಲ್ಲಿ ಗಾಳಿಯಾಟ, ಸ್ವಲ್ಪ ಇಳಿದ ಮೇಲೆ ಮನೆತನ.

ಕವಲುಗಳು ಬೇರೆಯಾದವು ಎಂದರೆ ಮತ್ತೆ ಸೇರುವುದಿಲ್ಲ ಎಂದೂ ನಾನು ಹೇಳಿಕೊಟ್ಟಿದ್ದೆ. ಸೋಂಕಿನ ಸುದ್ದಿಯನ್ನು ಟಿ ಕೋಶಗಳಿಗೆ ಮುಟ್ಟಿಸುವ ಡೆಂಡ್ರೈಟಿಕ್ ಕೋಶಗಳು ಎಡಗವಲಿನಿಂದಲೂ ಹುಟ್ಟಬಲ್ಲವು, ಬಲಗವಲಿನಿಂದಲೂ ಹುಟ್ಟಬಲ್ಲವು. ಗಂಗಾಮೂಲದಲ್ಲಿ ಅಗಲಿದ ತುಂಗೆ, ಭದ್ರೆಯರು ಕೂಡ್ಲಿಯಲ್ಲಿ ಕೂಡುವುದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಬೇರೆ ಹೇಳಿಕೊಡಬೇಕಿರಲಿಲ್ಲ. ನನ್ನ ಮರದಲ್ಲಿ ಮಾತ್ರ ಕೂಡ್ಲಿಗೆ ಜಾಗವಿರಲಿಲ್ಲ.

ಕಟ್ಟುಬಿದ್ದ ಮೇಲಾದರೂ ನೆಮ್ಮದಿ ಇದೆಯೇ? ಇದನ್ನು ತಿಳಿದಾಗ ನಿನ್ನ ಮಕ್ಕಳ ಮೇಲೆ ನನಗೆ ಹುಟ್ಟಿದ ಗೌರವ ಹೇಳತೀರದು. ಬಿ ಕೋಶವಾಗಲು ಪ್ಯಾಕ್ಸ್-5 ಎಂಬ ಪ್ರೋಟೀನ್ ಬೇಕು. ಅದು ಬಿ ಕೋಶದ ಜೀನುಗಳನ್ನು ಎಬ್ಬಿಸುವುದರ ಜೊತೆಗೆ ಉಳಿದ ಕಸುಬುಗಳ ಜೀನುಗಳನ್ನು ಅದುಮಿ ಹಿಡಿಯುತ್ತದೆ. 1999ರಲ್ಲಿ ವಿಯೆನ್ನಾದ ಮೈನ್‌ರಾಡ್ ಬುಸ್‌ಲಿಂಗರ್ ತಂಡ ತೋರಿಸಿದ್ದು ಇದು: ಪ್ಯಾಕ್ಸ್-5 ಇಲ್ಲದ ಕೋಶಗಳು ಬಿ ಕೋಶದ ಹಾದಿಯಲ್ಲಿ ಆರಂಭದಲ್ಲೇ ನಿಂತುಬಿಡುತ್ತವೆ, ತಕ್ಕ ಪೋಷಣೆ ಕೊಟ್ಟರೆ ಮಹಾಭಕ್ಷಕವೂ ಆಗುತ್ತವೆ, ಟಿ ಕೋಶವೂ ಆಗುತ್ತವೆ. 2007ರಲ್ಲಿ ಅದೇ ತಂಡ ಪೂರ್ತಿ ಬಲಿತ ಬಿ ಕೋಶಗಳಿಂದ ಪ್ಯಾಕ್ಸ್-5 ತೆಗೆದುಹಾಕಿತು. ಬಲಿತವು ಹಿಂದಕ್ಕೆ ನಡೆದು ಎಳೆಯವಾಗಿ, ಮತ್ತೆ ಟಿ ಕೋಶಗಳಾಗಿ ಇಳಿದವು. ಥಾಮಸ್ ಗ್ರಾಫ್ ತಂಡವಂತೂ 2004ರಲ್ಲಿ ಒಂದೇ ಒಂದು ಪ್ರೋಟೀನನ್ನು ಒತ್ತಾಯದಿಂದ ಒಳಸೇರಿಸಿ ಬಿ ಕೋಶಗಳನ್ನು ಮಹಾಭಕ್ಷಕ ಕೋಶಗಳನ್ನಾಗಿ ಮಾಡಿತ್ತು. ಮುಚ್ಚಿದ ಬಾಗಿಲುಗಳಿಗೆ ಬೀಗವಿಲ್ಲ. ಯಾರೋ ಒಳಗಿನಿಂದ ಬೆನ್ನು ಕೊಟ್ಟು, ಬದುಕಿರುವಷ್ಟು ದಿನವೂ ಅವನ್ನು ಒತ್ತಿಹಿಡಿದಿರುತ್ತಾರೆ. ಕಟ್ಟುಬೀಳುವುದನ್ನು ನಾನು ಒಂದು ಘಟನೆ ಎಂದು ಕಲಿಸಿದ್ದೆ. ಅದು ದಿನನಿತ್ಯದ ದುಡಿಮೆ.

ಕೆಂಪುಕಣದ್ದು ಬೇರೆ ಕತೆ. ಅದು ಕೊನೆಯ ಹಂತದಲ್ಲಿ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕುತ್ತದೆ. ಪಕ್ಕದಲ್ಲಿ ಕಾದಿರುವ ಮಹಾಭಕ್ಷಕ ಅದನ್ನು ನುಂಗುತ್ತದೆ. ಉಳಿಯುವುದು ಹಿಮೋಗ್ಲೋಬಿನ್ ತುಂಬಿದ ಒಂದು ಚೀಲ, ಹೆಚ್ಚುಕಡಿಮೆ 120 ದಿನದ ಆಯುಷ್ಯ. ನಿಜಕ್ಕೂ ಹಿಂದಿರುಗುವ ದಾರಿ ಅದಕ್ಕಿಲ್ಲ. ಅಂಥವನ್ನು ಒಂದು ದೇಹ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊರತರುತ್ತದೆ, ದಿನಕ್ಕೆ ಸುಮಾರು 20,000 ಕೋಟಿ.

ಇಷ್ಟೆಲ್ಲ ಸಂತಾನದ ನೀನು ಮಾತ್ರ ಬಹುಪಾಲು ಮಲಗಿಯೇ ಇರುತ್ತೀಯ. ವರ್ಷಕ್ಕೆ ಒಂದೆರಡು ಸಲ ಒಡೆದರೆ ಹೆಚ್ಚು. ಇಂಗ್ಲೆಂಡಿನ ಸಂಶೋಧಕರು 2018ರಲ್ಲಿ 59 ವರ್ಷದ ಒಬ್ಬರ ರಕ್ತದಲ್ಲಿ ಕಾಲಕಾಲಕ್ಕೆ ಸೇರಿಕೊಂಡ ಡಿಎನ್‌ಎ ಬದಲಾವಣೆಗಳನ್ನು ವಂಶವೃಕ್ಷದಂತೆ ಜೋಡಿಸಿ, ಅವರ ರಕ್ತವನ್ನು ನಡೆಸುತ್ತಿರುವ ನಿನ್ನಂಥವರು 50,000ದಿಂದ 2,00,000 ಎಂದು ಲೆಕ್ಕ ಹಾಕಿದರು. ಒಂದು ಸಣ್ಣ ಪಟ್ಟಣದ ಜನಸಂಖ್ಯೆ. ದುಡಿಮೆಯ ಭಾರವನ್ನೆಲ್ಲ ನಡುವಿನ ತಲೆಮಾರುಗಳಿಗೆ ಒಪ್ಪಿಸಿ ನೀನು ನಿನ್ನ ಡಿಎನ್‌ಎಯನ್ನು ಕಾಪಾಡಿಕೊಳ್ಳುತ್ತೀಯ. ಹಾಗೆ ಸುಮ್ಮನಿರುವುದಕ್ಕೂ ನೆರೆಹೊರೆ ಬೇಕು. ಆಕರಕೋಶ ತನ್ನ ಗುಣ ಉಳಿಸಿಕೊಳ್ಳುವುದು ಮಜ್ಜೆಯಲ್ಲಿ ಅದಕ್ಕೆ ಸಿಕ್ಕ ಗೂಡಿನಿಂದ ಎಂದು 1978ರಲ್ಲಿ ರೇ ಸ್ಕೋಫೀಲ್ಡ್ ಬರೆದರು. ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ ಗುರುತಿಸಿದ ಒಂದು ಪ್ರೋಟೀನಿಗೆ, ರಕ್ತ ಎಂಬ ಅರ್ಥದ ಸಂಸ್ಕೃತ ಪದದಿಂದ, ಅಸೃಜ್ ಎಂದೇ ಹೆಸರು. ಅದಿಲ್ಲದ ಹಣ್ಣುನೊಣದ ಮರಿಯಲ್ಲಿ ರಕ್ತದ ಮೂಲಕೋಶಗಳು ಕಾಯದೆ, ಅವಧಿಗೆ ಮುಂಚೆ ಕಸುಬಿಗೆ ಇಳಿದುಬಿಡುತ್ತವೆ. ಅದಿಲ್ಲದ ಇಲಿಗಳಲ್ಲಿ ನಿನ್ನಂಥವರ ನಿದ್ದೆ ಕೆಡುತ್ತದೆ. ಲಾಸ್ ಏಂಜಲಿಸ್‌ನಲ್ಲಿ ಉತ್ಪಲ್ ಬ್ಯಾನರ್ಜಿ ತಂಡ 2013ರಲ್ಲಿ ಪ್ರಕಟಿಸಿದ್ದು ಇನ್ನೂ ಅಚ್ಚರಿ. ಹಣ್ಣುನೊಣದ ಮರಿಗೆ ವಾಸನೆ ಹತ್ತದಂತೆ ಮಾಡಿದರೆ ಅದರ ರಕ್ತದ ಮೂಲಕೋಶಗಳು ಕರಗುತ್ತ ಹೋಗುತ್ತವೆ. ಮೂಗಿಗೆ ತಾಗಿದ ಗಂಧ ಮಿದುಳಿಗೆ ಹೋಗಿ, ಮಿದುಳಿನಿಂದ ಒಂದು ರಾಸಾಯನಿಕ ರಕ್ತಕ್ಕಿಳಿದು, ಅವುಗಳಿಗೆ ಇನ್ನೂ ಕಾಯಿರಿ ಎನ್ನುತ್ತದೆ. ಕೋಶ ಒಂಟಿಯಾಗಿ ಕೂತು ಆರಿಸಿಕೊಳ್ಳುತ್ತದೆ ಎಂಬ ನನ್ನ ಪಾಠಕ್ಕೆ ಇಲ್ಲಿ ಕಾಲಿಡಲು ಜಾಗವಿಲ್ಲ.

ಈಗ ನಮ್ಮ ಹುಡುಗಿಯ ವಿಷಯ.

ಮೂರು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ತಮ್ಮ ಫೋನು ಮಾಡಿದ. ಮಗಳಿಗೆ 19. ಹಲ್ಲುಜ್ಜಿದರೆ ವಸಡಿನಿಂದ ರಕ್ತ ನಿಲ್ಲುತ್ತಿಲ್ಲ, ತೊಡೆಯ ಮೇಲೆ ಏಟು ಬೀಳದೆಯೇ ನೀಲಿ ಕಲೆ, ಪ್ಲೇಟ್‌ಲೆಟ್ 18,000. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ನಮ್ಮ ಕಡೆ ಯಾರ ಬಾಯಲ್ಲೂ ಬರುವುದು ಡೆಂಗಿ. ತಮ್ಮನ ಹೆಂಡತಿ ಪರಂಗಿ ಎಲೆಯ ರಸ ಹಿಂಡಿ ಕುಡಿಸುತ್ತಿದ್ದಳು. ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಡಿ ಇಟ್ಟವರು ಮಾತ್ರ ಕೂಡಲೇ ದೊಡ್ಡಾಸ್ಪತ್ರೆಗೆ ಓಡಿ ಎಂದರು. ಲ್ಯೂಕೇಮಿಯಾ. ಅದರಲ್ಲಿ ಪ್ರೊಮೈಲೊಸೈಟಿಕ್ ಎಂಬ ಬಗೆ.

ಪ್ರೊಮೈಲೊಸೈಟ್ ಎಂದರೆ ನ್ಯೂಟ್ರೋಫಿಲ್ ಆಗಲು ಹೊರಟು ಅರ್ಧ ದಾರಿಯಲ್ಲಿರುವ ಕೋಶ. ಅವಳ ಮಜ್ಜೆಯಲ್ಲಿ ಅವು ಕಿಕ್ಕಿರಿದಿದ್ದವು. ಅವು ಕಸುಬು ಹಿಡಿದಿದ್ದವು, ದಾರಿ ತಪ್ಪಿರಲಿಲ್ಲ. ಮುಂದಕ್ಕೆ ಹೋಗಲಾರದೆ, ಸಾಯಲೂ ಆಗದೆ, ನಿಂತಲ್ಲೇ ನಿಂತು ಹೆಚ್ಚುತ್ತಿದ್ದವು. 15ನೇ ಮತ್ತು 17ನೇ ಕ್ರೋಮೊಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುವುದನ್ನು ಈ ಕಾಯಿಲೆಯಲ್ಲಿ 1977ರಲ್ಲಿ ಗುರುತಿಸಿದವರು ಶಿಕಾಗೋದ ಜಾನೆಟ್ ರೌಲಿ. ಆ ಅದಲುಬದಲಿನಿಂದ ಹುಟ್ಟುವ ಬೆರಕೆ ಪ್ರೋಟೀನ್, ನ್ಯೂಟ್ರೋಫಿಲ್ ಬಲಿಯಲು ಬೇಕಾದ ಜೀನುಗಳ ಮೇಲೆ ಅಡ್ಡ ಕೂತುಬಿಡುತ್ತದೆ. 31 ವರ್ಷ ಪಾಠ ಮಾಡಿದ ನನಗೆ ಆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಾಗ ಹೊಳೆದದ್ದು ಇದು: ಕಟ್ಟುಬೀಳುವುದು ಒಂದು, ಮುಟ್ಟುವುದು ಇನ್ನೊಂದು. ನನ್ನ ಹಲಗೆಯ ಗೆರೆಗಳಲ್ಲಿ ಕೋಶ ಹೊರಟರೆ ತಲುಪಿದ ಹಾಗೆಯೇ.

ಜೀನಿನ ವರದಿ ಬರುವವರೆಗೂ ಕಾಯದೆ ಅದೇ ರಾತ್ರಿ ಮಾತ್ರೆ ಶುರುಮಾಡಿದರು. ಈ ಕಾಯಿಲೆಯಲ್ಲಿ ಮೊದಲ ದಿನಗಳ ರಕ್ತಸ್ರಾವವೇ ಜೀವ ತೆಗೆಯುವುದು. ಮಾತ್ರೆ ಎ ವಿಟಮಿನ್ನಿನ ನಂಟಿನದು, ರೆಟಿನಾಯಿಕ್ ಆಮ್ಲದ ಒಂದು ರೂಪ. ಶಾಂಘೈಯ ರುಯಿಜಿನ್ ಆಸ್ಪತ್ರೆಯ ವೈದ್ಯ ವಾಂಗ್ ಝೆನ್‌ಯಿ 1985ರಲ್ಲಿ ಸಾಯುವ ಸ್ಥಿತಿಯಲ್ಲಿದ್ದ 5 ವರ್ಷದ ಒಂದು ಹೆಣ್ಣುಮಗುವಿಗೆ ಇದನ್ನು ಕೊಟ್ಟು ಉಳಿಸಿಕೊಂಡರು. 1988ರಲ್ಲಿ ಅವರ ತಂಡ 24 ರೋಗಿಗಳ ವರದಿ ಪ್ರಕಟಿಸಿತು. 24 ಮಂದಿಯಲ್ಲೂ ರೋಗ ಹಿಮ್ಮೆಟ್ಟಿತ್ತು. ಆ ಮಾತ್ರೆ ಕೋಶಗಳನ್ನು ಕೊಲ್ಲುವುದಿಲ್ಲ, ಅಡ್ಡ ಕೂತದ್ದನ್ನು ಎಬ್ಬಿಸುತ್ತದೆ. ನಿಂತಿದ್ದ ಕೋಶಗಳು ಮುಂದೆ ನಡೆದು, ಬಲಿತು, ನ್ಯೂಟ್ರೋಫಿಲ್‌ಗಳಾಗಿ ಬಾಳಿ, ತಮ್ಮ ಕಾಲ ಮುಗಿಸಿ ಸಾಯುತ್ತವೆ. ಕ್ಯಾನ್ಸರ್ ಎಂದರೆ ಕೊಲ್ಲಬೇಕಾದ ಶತ್ರು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ಒಬ್ಬ ವೈದ್ಯ ಆ ಕೋಶಗಳನ್ನು ಅವು ಹೊರಟ ಊರಿಗೆ ತಲುಪಿಸಲು ನೋಡಿದರು. ಆ ಹಿರಿಯರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ.

ಜೊತೆಗೆ ಇನ್ನೊಂದು ಮದ್ದು, ಆರ್ಸೆನಿಕ್ ಟ್ರೈಆಕ್ಸೈಡ್. ನಮ್ಮ ಮಾತಿನಲ್ಲಿ ಪಾಷಾಣ. ಆ ಹೆಸರು ಕೇಳಿ ನನ್ನ ತಾಯಿ, 84 ವರ್ಷದವರು, ಊಟ ಬಿಟ್ಟು ಕೂತರು. ಚೀನಾದ ಹಾರ್ಬಿನ್ನಿನ ವೈದ್ಯರು 1970ರ ದಶಕದಿಂದ ಅದನ್ನು ಲ್ಯೂಕೇಮಿಯಾಕ್ಕೆ ಬಳಸಿ ನೋಡಿದ್ದರು. ಅದು ಆ ಬೆರಕೆ ಪ್ರೋಟೀನನ್ನು ಹಿಡಿದು ನಾಶಮಾಡುತ್ತದೆ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು, ದುಬಾರಿ ಚಿಕಿತ್ಸೆ ಕೈಗೆಟುಕದವರಿಗೆ ಪಾಷಾಣವೊಂದರಿಂದಲೇ ಈ ಕಾಯಿಲೆ ವಾಸಿಮಾಡಬಹುದು ಎಂದು ಜಗತ್ತಿಗೆ ತೋರಿಸಿದವರಲ್ಲಿ ಮೊದಲಿಗರು. 2013ರಲ್ಲಿ ಇಟಲಿ, ಜರ್ಮನಿಯ ವೈದ್ಯರು, ರೋಗದ ತೀವ್ರತೆ ಮಿತಿಯಲ್ಲಿದ್ದರೆ ಈ ಎರಡು ಮದ್ದಿನ ಜೋಡಿಯೇ ಸಾಕು, ಕೀಮೋಥೆರಪಿ ಬೇಡ ಎಂದು ತೋರಿಸಿದರು. ನಮ್ಮ ಹುಡುಗಿಗೆ ಸಿಕ್ಕಿದ್ದು ಅದೇ ಜೋಡಿ. ಅವಳ ಕೂದಲು ಉದುರಲಿಲ್ಲ.

ಹತ್ತನೇ ದಿನ ಉಸಿರು ಕಟ್ಟಿತು. ಜ್ವರ, ಶ್ವಾಸಕೋಶದಲ್ಲಿ ನೀರು. ತಡೆದು ನಿಂತಿದ್ದ ಕೋಶಗಳೆಲ್ಲ ಒಟ್ಟಿಗೇ ಬಲಿಯತೊಡಗಿದರೆ ಹೀಗಾಗುತ್ತದಂತೆ. ಸ್ಟೀರಾಯ್ಡ್ ಕೊಟ್ಟರು. ಆ ಎರಡು ರಾತ್ರಿ ತಮ್ಮ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದ. ನಾನು ನಿನ್ನನ್ನು ನೆನೆದುಕೊಂಡಿದ್ದೆ. ಅವಳ ಸೊಂಟದ ಮೂಳೆಯೊಳಗೆ, ಈ ನೂಕುನುಗ್ಗಲಿನ ನಡುವೆ ಎಲ್ಲೋ ಒಂದು ಗೂಡಿನಲ್ಲಿ, ಕೆಡದೆ ಉಳಿದ ನಿನ್ನಂಥವರು ಇದ್ದಾರೆ, ಜಾಗ ಸಿಕ್ಕರೆ ಅವರು ಎದ್ದು ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತಾರೆ ಎಂದು. ಪಾಠದಲ್ಲಿ ಹೇಳಿದ್ದ ಮಾತೇ ಅದು. ಅದರ ಮೇಲೆ ಒಂದು ಜೀವ ನಿಂತಿದೆ ಎಂದು ಪಾಠ ಮಾಡುವಾಗ ಗೊತ್ತಿರಲಿಲ್ಲ.

ಮೂರನೇ ದಿನ ಉಸಿರು ಹಗುರಾಯಿತು. ಐದನೇ ವಾರಕ್ಕೆ ಪ್ಲೇಟ್‌ಲೆಟ್ 1,60,000.

ಒಂದು ಮಾತನ್ನು ಇಲ್ಲೇ ಹೇಳದಿದ್ದರೆ ಈ ಪತ್ರ ಅಪೂರ್ಣ. ನಿನ್ನ ಹೆಸರಿನಲ್ಲಿ ನಡೆಯುವ ವ್ಯಾಪಾರ ನೋಡಿ ನನಗೆ ಸಿಟ್ಟು ಬರುತ್ತದೆ. ಆಸ್ಪತ್ರೆಯ ಹೊರಗಿನ ಗೋಡೆಯ ಮೇಲೆ, ಮೊಣಕಾಲು ನೋವಿನಿಂದ ಹಿಡಿದು ಆಟಿಸಮ್‌ವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಚಿಕಿತ್ಸೆ ಎಂಬ ಜಾಹೀರಾತು. ನಿನ್ನ ದಾರಿಗಳು ರಕ್ತದ ದಾರಿಗಳು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ರೂಢಿಯ ಚಿಕಿತ್ಸೆ ಎಂದು ಒಪ್ಪಿದ್ದು ರಕ್ತದ ಆಕರಕೋಶಗಳ ಕಸಿಯನ್ನು ಮಾತ್ರ, ಅದೂ ಗೊತ್ತಾದ ಕಾಯಿಲೆಗಳಿಗೆ. ಮಿಕ್ಕದ್ದೆಲ್ಲ ಅನುಮತಿ ಪಡೆದ ಪ್ರಯೋಗದ ಮಿತಿಯಲ್ಲಿ ನಡೆಯಬೇಕು, ಅದಕ್ಕೆ ರೋಗಿಯಿಂದ ಹಣ ಕೀಳುವಂತಿಲ್ಲ. ಕಂಗಾಲಾದ ತಂದೆತಾಯಿಯ ಕೈಯಿಂದ ಲಕ್ಷಗಟ್ಟಲೆ ಎಣಿಸಿಕೊಳ್ಳುವವರನ್ನು ನಾನು ಕ್ಷಮಿಸಲಾರೆ. ಆ ಕಾರಿಡಾರಿನಲ್ಲಿ ನಾವೂ ಕೂತಿದ್ದೆವು. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ನಂಬುತ್ತಿದ್ದೆವು.

ಕಳೆದ ತಿಂಗಳು ಅವಳ ಮಜ್ಜೆಯನ್ನು ಮತ್ತೆ ಪರೀಕ್ಷೆಗೆ ತೆಗೆದರು. ಅಲ್ಲಿನ ರೋಗಶಾಸ್ತ್ರ ವಿಭಾಗದಲ್ಲಿ ನನ್ನದೇ ಹಳೆಯ ವಿದ್ಯಾರ್ಥಿನಿ ಒಬ್ಬಳು ಇದ್ದಾಳೆ. ಬನ್ನಿ ಮೇಡಂ ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಹುಡುಗಿಯೂ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಗಾಜಿನ ಮೇಲೆ ಇಡೀ ಸಂಸಾರ ಹರಡಿತ್ತು. ಹೊಟ್ಟೆ ತುಂಬ ಕೋಶಕೇಂದ್ರ ಹೊತ್ತ ದೈತ್ಯಕೋಶ, ಸುತ್ತ ಕೆಂಪುಕಣದ ಮರಿಗಳು, ಪ್ರೊಮೈಲೊಸೈಟುಗಳು ಅಲ್ಲೊಂದು ಇಲ್ಲೊಂದು, ಅವುಗಳ ಮುಂದಿನ ಹಂತ, ಅದರ ಮುಂದಿನ ಹಂತ, ಕೊನೆಗೆ ಮೂರು ನಾಲ್ಕು ಎಸಳಿನ ಕೋಶಕೇಂದ್ರದ ಬಲಿತ ನ್ಯೂಟ್ರೋಫಿಲ್. ದಾರಿ ಎಲ್ಲೂ ಕಡಿದಿರಲಿಲ್ಲ.

"ಅತ್ತೆ, ಎಲ್ಲಕ್ಕೂ ತಾಯಿ ಅಂತೀರಲ್ಲ, ಅವಳು ಎಲ್ಲಿ?" ಎಂದಳು.

ನಿನ್ನನ್ನು ನೋಡಿ ಗುರುತು ಹಿಡಿಯುವುದು ಆಗುವುದಿಲ್ಲ. ನಿನಗೆ ವಿಶೇಷ ರೂಪವಿಲ್ಲ, ಸಣ್ಣ ಲಿಂಫೊಸೈಟಿನ ಹಾಗೆ ಗುಂಡಗೆ, ಸದ್ದಿಲ್ಲದೆ ಇರುತ್ತೀಯ. ನಾನು ಗಾಜನ್ನು ನಿಧಾನವಾಗಿ ಸರಿಸುತ್ತ ಹೋದೆ. ಅಂಥ ಗುಂಡನೆಯ ಕೋಶಗಳು ಏಳೆಂಟು ಕಂಡವು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಹಚ್ಚಿಸಿ, ಒಂದೊಂದನ್ನೇ ತೋರಿಸಿದೆ. ಇದಿರಬಹುದು, ಇಲ್ಲವೇ ಇದು, ಇಲ್ಲವೇ ಆ ಅಂಚಿನದು. ಅವಳು ಬಹಳ ಹೊತ್ತು ನೋಡಿದಳು.

ಇಂತಿ,
ನಿನ್ನ ಬಗ್ಗೆ ಪಾಠ ಮಾಡುತ್ತಿದ್ದವಳು